ಕಾರಿಗೆ ನೆಟ್ಟ ಹಂದರಗಂಬ

ಕೆಲವರಿಗೆ ಎಲೆ-ಅಡಿಕೆಯ ಚಟವಿರುತ್ತದೆ, ಕೆಲವರಿಗೆ ಇಸ್ಪೀಟಿನದು. ನನಗಿರುವುದು ಅಳೆಯುವ ಚಟ. ಇದಕ್ಕೆ ದವಾಖಾನೆಯಲ್ಲಿ ಔಷಧವಿಲ್ಲ, ಬಿಡಿಸುತ್ತೇವೆ ಎಂದು ಗೋಡೆಗೆ ಚೀಟಿ ಅಂಟಿಸಿದವರೂ ಇಲ್ಲ. ಹುನಗುಂದದ ಸಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಹುಡುಗರು ನನಗಿಟ್ಟಿದ್ದ ಹೆಸರು ‘ಟೇಪ ಮಾಸ್ತರ’. ಇಳಕಲ್ಲಿನ ನಮ್ಮ ಮನೆಯ ಪ್ರತಿ ಬಾಗಿಲಿನ ಎತ್ತರ, ಪ್ರತಿ ಮೆಟ್ಟಿಲಿನ ಅಗಲ ನನಗೆ ಬಾಯಿಪಾಠ. ಒಮ್ಮೆ ಪಟ್ಟದಕಲ್ಲಿಗೆ ಹೋದಾಗ ಗುಡಿಯ ಕಂಬಕ್ಕೆ ಟೇಪು ಸುತ್ತುತ್ತಿದ್ದೆ. ಕಾವಲುಗಾರ ಬಂದು, ಇದೇನು ಕೊಂಡುಕೊಳ್ಳುವ ವಿಚಾರವಿದೆಯೇ ಎಂದು ಕೇಳಿದ. ಇಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಕನ್ಯೆ ನೋಡಲು ಹೋದ ದಿನ ಮಹಾದೇವಿ ಚಹಾದ ತಾಟು ಹಿಡಿದು ಬಾಗಿಲ ಚೌಕಟ್ಟಿನ ಪಕ್ಕ ನಿಂತಿದ್ದಳು. ಚೌಕಟ್ಟಿನ ಲೆಕ್ಕದಲ್ಲಿ ಅವಳ ಎತ್ತರ ಎಷ್ಟಾದೀತು ಎಂದು ನೋಡುತ್ತ ಅವಳ ಮುಖ ನೋಡುವುದನ್ನೇ ಮರೆತೆ. ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮಪ್ಪ ಹುಡುಗಿ ಹೇಗಿದ್ದಾಳೆ ಎಂದು ಕೇಳಿದರೆ, “ಐದಡಿ ಎರಡಿಂಚು” ಎಂದೆನಂತೆ. ಅಪ್ಪ ಈ ಮಾತನ್ನು ಬೀಗರಿಗೆ ಹೇಳಿ ನಕ್ಕರು, ಬೀಗರು ಮಗಳಿಗೆ ಹೇಳಿದರು. ಇಂದಿಗೂ ನಮ್ಮ ಮನೆಯ ಯಾವ ಜಗಳ ಎಲ್ಲಿಂದಲೇ ಶುರುವಾಗಲಿ, ಕಡೆಗೆ ಬಂದು ನಿಲ್ಲುವುದು ಆ ಐದಡಿ ಎರಡಿಂಚಿಗೇ.

ನಿವೃತ್ತಿಯಾದ ಮರುವರ್ಷ ನಾನೊಂದು ಕಾರು ಕೊಂಡೆ. ಹೊಸದಲ್ಲ, ಬಾಗಲಕೋಟೆಯ ಒಬ್ಬರು ಮೂರು ವರ್ಷ ಓಡಿಸಿದ್ದು, ಬಿಳಿಯದು, ಕಂಡರೆ ಮುದ್ದು ಬರುವಂಥದ್ದು. ಅರವತ್ತಕ್ಕೆ ಅರಳು ಮರಳು ಎಂದು ಮಹಾದೇವಿ ಅಂದಳು. ನಾನು ಕಿವಿಗೆ ಹಾಕಿಕೊಳ್ಳದೆ ಡ್ರೈವಿಂಗ್ ಕಲಿತೆ. ತೊಂದರೆ ಬಂದದ್ದು ಓಡಿಸುವಾಗ ಅಲ್ಲ, ನಿಲ್ಲಿಸುವಾಗ. ನಮ್ಮ ಕಡೆಯ ಬಿಸಿಲು ಬಲ್ಲವರೇ ಬಲ್ಲರು. ಶಿವರಾತ್ರಿ ದಾಟಿತೆಂದರೆ ಸ್ಟೇರಿಂಗ್ ಮುಟ್ಟುವುದೂ ರೊಟ್ಟಿಯ ಹಂಚು ಮುಟ್ಟುವುದೂ ಒಂದೇ. ಮನೆಯ ಮುಂದೆ ಒಂದು ಬೇವಿನ ಮರವಿದೆ ನಿಜ. ಆದರೆ ಅದರ ನೆರಳು ಬೆಳಿಗ್ಗೆ ನಮ್ಮ ಗೇಟಿನ ಕಡೆ ಇದ್ದರೆ ಸಂಜೆ ಎದುರುಮನೆಯ ಗಂಗವ್ವನ ಕಟ್ಟೆಯ ಕಡೆ ಹೋಗಿರುತ್ತದೆ. ನೆರಳಿನ ಹಿಂದೆ ಕಾರು, ಕಾರಿನ ಹಿಂದೆ ನಾನು. ಊಟದ ತಾಟಿನಿಂದ ಅರ್ಧಕ್ಕೆ ಎದ್ದು, ಎಂಜಲು ಕೈ ತೊಳೆದು, ಎರಡು ಮಾರು ಮುಂದೆ ಸರಿಸಿ ಬಂದು ಮತ್ತೆ ಅನ್ನಕ್ಕೆ ಕೂಡುತ್ತಿದ್ದೆ. ಇದರ ನಡುವೆ ಮಹಾದೇವಿ ಕಾರಿನ ಬಾನೆಟ್ಟಿನ ಮೇಲೆ ಹಳೇ ಧೋತರ ಹಾಸಿ ಶಂಡಿಗೆ ಇಡತೊಡಗಿದಳು. ಮಾಳಿಗೆಗಿಂತ ಬೇಗ ಒಣಗುತ್ತದಂತೆ. ಒಂದು ದಿನ ನಾನು ಶಂಡಿಗೆ ಸಮೇತ ಕಾರನ್ನು ನೆರಳಿಗೆ ಸರಿಸಿದ್ದಕ್ಕೆ ರಾದ್ಧಾಂತವಾಗಿ ಕಡೆಯ ತೀರ್ಪು ಬಂತು.

“ಯುಗಾದಿ ಒಳಗ ಇದಕ್ಕೊಂದ ನೆರಳ ಮಾಡ್ರಿ,” ಎಂದಳು. “ಇಲ್ಲಾಂದ್ರ ಬಾದಾಮಿಗೆ ನಮ್ಮ ತಮ್ಮಗ ಕೊಟ್ಟ ಬಿಡ್ರಿ. ಅವನ ಮನ್ಯಾಗ ಜಾಗಾ ಐತಿ.”

ಅವಳ ತಮ್ಮ ನಮ್ಮ ಮನೆಗೆ ಬಂದಾಗಲೆಲ್ಲ ನನ್ನನ್ನು ಮಾತನಾಡಿಸುವ ಮೊದಲು ಕಾರಿನ ಬೆನ್ನು ಸವರುವವನು. ಅವನ ಕೈಗೆ ಕಾರು ಹೋಗಬಾರದು ಎಂದು ಅಂದೇ ಹಠ ತೊಟ್ಟೆ. ಫೋನಿನಲ್ಲಿ ಹುಡುಕಿದಾಗ ಪರದೇಶದವರು ಕಾರಿನ ಮನೆ ಕಟ್ಟುವ ಒಂದು ವಿಡಿಯೋ ಸಿಕ್ಕಿತು. ಅಡಿಪಾಯವಿಲ್ಲ, ಇಟ್ಟಂಗಿಯ ಗೋಡೆಯಿಲ್ಲ. ಸಾಲಾಗಿ ಆಳದ ಕುಣಿ ತೋಡಿ, ಕಂಬ ನೆಟ್ಟು, ಕಂಬದ ಮೇಲೆ ತೊಲೆ ಕೂರಿಸಿ, ತಗಡು ಹೊದಿಸಿದರೆ ಮುಗಿಯಿತು. ಭಾರವೆಲ್ಲ ಕಂಬದ್ದು. ನನಗೆ ಹುಚ್ಚು ಹಿಡಿದಷ್ಟು ಖುಷಿಯಾಯಿತು. ನಮ್ಮ ಗೌಂಡಿ ಹುಸೇನಸಾಬರನ್ನು ಕರೆಸಿ ವಿಡಿಯೋ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಕಡೆತನಕ ನೋಡಿ, ಫೋನನ್ನು ಗೌರವದಿಂದ ಹಿಂದಕ್ಕೆ ಕೊಟ್ಟು, “ಇದಕ್ಕ ನಮ್ಮ ಕಡೆ ದನದ ಛಪ್ಪರ ಅಂತಾರ್ರಿ ಮಾಸ್ತರ್ರ” ಎಂದರು.

ಆಗಲಿ, ಹೆಸರು ಏನಾದರೂ ಇರಲಿ. ನಾನು ನಕಾಶೆ ಬರೆಯಲು ಕುಳಿತೆ. ಕುಳಿತವನು ಏಳಲಿಲ್ಲ ಎನ್ನಬೇಕು. ಕಂಬ ಎಷ್ಟು, ಎಲ್ಲಿ, ಎಷ್ಟು ಆಳ, ತಗಡಿನ ಇಳಿಜಾರು ಎತ್ತ ಎಂದು ಬರೆದು ಬರೆದು ಹರಿದೆ. ಕಂಬ ಕಬ್ಬಿಣದ್ದಿರಲಿ ಎಂದು ನಾನಂದಾಗ ಓಣಿಯೇ ಮೈಮೇಲೆ ಬಂತು. ಕೆಂಪು ಕಲ್ಲಿಗೆ ಹೆಸರಾದ ಇಳಕಲ್ಲಿನಲ್ಲಿ ಕುಳಿತು ಕಬ್ಬಿಣ ನೆಡುವುದೆಂದರೆ ಬೀಗರ ಊಟಕ್ಕೆ ಹೋಗಿ ಮನೆಯ ಬುತ್ತಿ ಬಿಚ್ಚಿದಂತೆ. ಸರಿ, ಕಲ್ಲಿನ ಕಂಬವೇ ಎಂದಾಯಿತು. ಒಂದು ಮಗ್ಗುಲಿಗೆ ಮನೆಯ ಗೋಡೆ, ಇನ್ನೊಂದು ಮಗ್ಗುಲಿಗೆ ಮೂರು ಕಲ್ಲುಕಂಬ, ಮೇಲೆ ತಗಡು. ಅಗಲದ ವಿಷಯದಲ್ಲಿ ಮಾತ್ರ ಮಹಾದೇವಿಯ ಜೊತೆ ವಾರಗಟ್ಟಲೆ ಮಾತುಕತೆ ನಡೆಯಿತು. ಅವಳ ಒರಳುಕಲ್ಲು, ತುಳಸಿಕಟ್ಟೆ, ಬಟ್ಟೆ ಒಗೆಯುವ ಬಂಡೆ, ಈ ಮೂರನ್ನೂ ಮುಟ್ಟಬಾರದು. ಮುಟ್ಟದೆ ಉಳಿದದ್ದು ಆರೂವರೆ ಅಡಿ. ಕಾರಿನ ಅಗಲ ಐದೂವರೆ. ಎರಡೂ ಕಡೆ ಅರ್ಧರ್ಧ ಅಡಿ ಮಿಕ್ಕುತ್ತದೆ. ಕಾಗದದ ಮೇಲೆ ಕಾರು ಸಲೀಸಾಗಿ ಒಳಗೆ ಹೋಯಿತು.

ಈ ಅಳತೆಯ ಕಾಲದಲ್ಲಿ ನನಗೆ ನೆರವಾದವಳು ಮಗಳು ಸವಿತಾ. ಕುಳಗೇರಿ ಕ್ರಾಸಿನ ದನದ ದವಾಖಾನೆಯಲ್ಲಿ ಡಾಕ್ಟರು. ಬಾದಾಮಿಯಲ್ಲಿ ಕೋಣೆ ಮಾಡಿಕೊಂಡಿದ್ದು ಐತವಾರಕ್ಕೊಮ್ಮೆ ಮನೆಗೆ ಬರುತ್ತಿದ್ದಳು. ಬಂದ ಕೂಡಲೇ ನಾನು ಟೇಪಿನ ಒಂದು ತುದಿ ಅವಳ ಕೈಗೆ ಕೊಡುತ್ತಿದ್ದೆ. ಎಮ್ಮೆಯ ಹೊಟ್ಟೆಯೊಳಗೆ ಕೈ ಹಾಕಿ ಕರು ತಿರುಗಿಸುವ ಹುಡುಗಿ, ಟೇಪು ಅಲುಗದಂತೆ ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಒಂದೆರಡು ಸಲ, “ಅಪ್ಪಾಜಿ, ಒಂದ ಮಾತ ಹೇಳೂದಿತ್ತು” ಎಂದಳು. ಮೊದಲು ತುದಿ ಗಟ್ಟಿ ಹಿಡಿ ಎಂದೆ. ಅವಳು ಹಿಡಿದಳು. ಅವಳಿಗೆ ಮೂವತ್ತು ಹತ್ತಿರ ಬಂದಿತ್ತು, ನೋಡಲು ಬಂದ ವರಗಳನ್ನೆಲ್ಲ ಒಲ್ಲೆ ಎಂದಿದ್ದಳು. ಈಗ ನಾವೂ ಕೇಳುವುದನ್ನು ಬಿಟ್ಟಿದ್ದೆವು. ಕೇಳುವುದನ್ನು ಬಿಡದೇ ಇದ್ದದ್ದು ಓಣಿಯೊಂದೇ.

ಮೊದಲ ಕಂಬದ ದಿನ ಬಂತು. ಪೂಜೆಯಿಲ್ಲದೆ ಮೊದಲನೆಯ ಕಂಬ ಕುಣಿಗೆ ಇಳಿಸುವವನಲ್ಲ ಎಂದು ಹುಸೇನಸಾಬರು ಕಾಯಿ ತಾವೇ ತಂದಿದ್ದರು. ರೂಢಿಯಂತೆ ಮೂಲೆಯ ಕಂಬದಿಂದ ಶುರುವಾಗಬೇಕು. ಆದರೆ ಆ ಮೂಲೆಯಲ್ಲಿ ಬಚ್ಚಲ ನೀರು ಹೋಗುತ್ತದೆ. ಬಚ್ಚಲ ನೀರಿನ ಪಕ್ಕದಲ್ಲಿ ಪೂಜೆಯೇ ಎಂದು ಮಹಾದೇವಿ ಒಪ್ಪಲಿಲ್ಲ. ಹಾಗಾಗಿ ನಡುವಿನ ಕಂಬವೇ ಮೊದಲು ನೆಲ ಕಂಡಿತು. ಅವಳು ಅರ್ಧಮರ್ಧ ಕೆಲಸ ಮಾಡುವ ಹೆಣ್ಣಲ್ಲ. ಕಂಬಕ್ಕೆ ಅರಿಶಿಣ ಬಳಿದು, ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ಐದು ಜನ ಮುತ್ತೈದೆಯರನ್ನು ಕೂಡಿಸಿ ಆರತಿ ಬೆಳಗಿಸಿ, ಎಲ್ಲರಿಗೂ ಉಡಿ ತುಂಬಿ ಕಳಿಸಿದಳು. ಕಾರಿನ ಛಪ್ಪರಕ್ಕೆ ಆರತಿ ಎಂದರೆ ನಕ್ಕಾರು ಎಂದು ಅವರಿಗೆ ‘ಕಂಬದ ಪೂಜೆ’ ಎಂದಷ್ಟೇ ಹೇಳಿದ್ದಳು. ಆ ಹೊತ್ತಿಗೆ ಗಂಗವ್ವ ನೇದ ಸೀರೆ ಕೊಡಲು ಸಾವುಕಾರರ ಮನೆಗೆ ಹೋಗಿದ್ದಳು. ಅವಳ ಮಗ್ಗ ಇರುವುದು ಕಿಟಕಿಯ ಪಕ್ಕದಲ್ಲಿ. ಕೈ ಲಾಳಿಯ ಮೇಲೆ, ಕಣ್ಣು ನಮ್ಮ ಅಂಗಳದ ಮೇಲೆ. ಹಿಂದಿರುಗಿ ಬಂದು ಮಗ್ಗಕ್ಕೆ ಕುಳಿತವಳಿಗೆ ಕಂಡದ್ದು ನಮ್ಮ ಅಂಗಳದ ನಡುವೆ ಅರಿಶಿಣ ಮೆತ್ತಿಕೊಂಡು ಮಾವಿನ ಸೊಪ್ಪು ಉಟ್ಟು ನಿಂತ ಒಂಟಿ ಕಂಬ. ಉಳಿದೆರಡು ಕಲ್ಲು ಇನ್ನೂ ಬಂದಿರಲಿಲ್ಲ. ನಮ್ಮ ಕಡೆ ಮದುವೆಯ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ನೆಡುವುದು ಹಂದರಗಂಬ. ಮನೆಯ ಮುಂದೆ ಅದು ನಿಂತಿತೆಂದರೆ ಹಸಿರು ಹಂದರ ಏಳುವುದು, ಬೀಗರು ಬರುವುದು ಎಲ್ಲ ಗಟ್ಟಿಯಾದಂತೆ. ಅದು ಕಲ್ಲಿನದ್ದೇಕೆ ಎಂದು ಯಾರೋ ಕೇಳಿದರಂತೆ. ಮಾಸ್ತರರಿಗೆ ಒಬ್ಬಳೇ ಮಗಳು, ಗಟ್ಟಿಯಾಗಿಯೇ ನೆಟ್ಟಿದ್ದಾರೆ ಎಂದು ಗಂಗವ್ವ ಹೇಳಿದಳಂತೆ.

ಇದೊಂದೂ ನನಗೆ ಗೊತ್ತಿಲ್ಲ. ಮರುದಿನ ಪೇಟೆಗೆ ಹೋದರೆ ಕಿರಾಣಿ ಅಂಗಡಿಯವರು ಎದ್ದು ನಿಂತು, ಅಂತೂ ಕಂಬ ನೆಟ್ಟಿರಲ್ಲ ಎಂದು ಕೈ ಹಿಡಿದುಕೊಂಡರು. ನನ್ನ ಛಪ್ಪರದ ಬಗ್ಗೆ ಊರಿಗೆ ಇಷ್ಟು ಅಕ್ಕರೆಯಿದೆಯೇ ಎಂದು ಕಣ್ಣು ತುಂಬಿ ಬಂತು. ಎಷ್ಟು ದಿನ ಎಂದು ಹೊರಗೆ ನಿಲ್ಲಿಸುವುದು, ಓಣಿಯವರೂ ಮಾತಾಡುತ್ತಾರೆ ಎಂದೆ. ಯಾವ ಊರಿನದು ಎಂದು ಕೇಳಿದರು. ಬಾಗಲಕೋಟೆಯದು, ಒಬ್ಬರ ಕೈಯಲ್ಲಿ ಮೂರು ವರ್ಷ ಇತ್ತು, ಆದರೂ ಗಟ್ಟಿಯಿದೆ ಎಂದೆ. ಅವರು ಯಾಕೋ ಮುಖ ಸಣ್ಣದು ಮಾಡಿ, ಬೆಲ್ಲ ಕಟ್ಟುತ್ತ, ಎಲ್ಲ ಅವರವರ ಹಣೆಬರಹ ಎಂದರು. ಬೆಲ್ಲಕ್ಕೂ ಹಣೆಬರಹಕ್ಕೂ ಏನು ಸಂಬಂಧ ಎಂದು ಯೋಚಿಸುತ್ತ ನಾನು ಮನೆಗೆ ಬಂದೆ.

ಕಂಬದ ಬುಡದ ಕಾಂಕ್ರೀಟು ಗಟ್ಟಿಯಾದ ಮೇಲೆ, ಮೂರನೆಯ ದಿನ, ನಾನು ಕಾರನ್ನು ಒಳಗೆ ನಿಲ್ಲಿಸಿ ನೋಡೋಣ ಎಂದು ಹೊರಟೆ. ಮಹಾದೇವಿ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಗೋಡೆಗೂ ತಾಗದೆ ಕಂಬಕ್ಕೂ ತಾಗದೆ, ಸೂಜಿಗೆ ದಾರ ಪೋಣಿಸಿದಂತೆ ಕಾರು ಒಳಗೆ ಹೋಯಿತು. ನನ್ನ ಎದೆ ಉಬ್ಬಿತು. ಎಂಜಿನ್ ಆರಿಸಿ, ಇಳಿಯಲು ಬಾಗಿಲು ನೂಕಿದೆ. ಟಣ್ ಎಂದಿತು. ಕಂಬ ಸರಿಯಾಗಿ ನನ್ನ ಬಾಗಿಲಿನ ಎದುರಿಗೇ ನಿಂತಿತ್ತು. ಆ ಕಡೆಯ ಬಾಗಿಲಿಗೆ ಹೋದರೆ ಮನೆಯ ಗೋಡೆ. ಕಾಗದದ ಮೇಲೆ ಕಾರು ಎಂದರೆ ಒಂದು ಆಯತ. ಆಯತಕ್ಕೆ ಬಾಗಿಲಿರುವುದಿಲ್ಲ, ಅದರೊಳಗೆ ಹೊಟ್ಟೆಯಿರುವ ಮನುಷ್ಯ ಕುಳಿತಿರುವುದಿಲ್ಲ. ಕಾರು ಒಳಗೆ ಹೋಗುವುದನ್ನು ಲೆಕ್ಕ ಹಾಕಿದ್ದೆ, ನಾನು ಹೊರಗೆ ಬರುವುದನ್ನು ಹಾಕಿರಲಿಲ್ಲ. ಎರಡಡಿ ಹಿಂದಕ್ಕೆ ತಂದರೆ ಬಾಗಿಲೇನೋ ತೆರೆಯುತ್ತದೆ. ಆದರೆ ಕಾರಿನ ಹಿಂಭಾಗ ರಸ್ತೆಗೆ ಬಂದು ಗೇಟು ಮುಚ್ಚುವುದಿಲ್ಲ, ಬಿಸಿಲೂ ತಪ್ಪುವುದಿಲ್ಲ. ಏನು ಮಾಡುವುದೆಂದು ತೋಚದೆ ಒಳಗೇ ಕುಳಿತೆ. ಮಹಾದೇವಿ ನಿಧಾನವಾಗಿ ಇಳಿದು ಬಂದು ಕಿಟಕಿಯಲ್ಲಿ ಬಗ್ಗಿ ನೋಡಿ, “ಚಾ ಇಲ್ಲೇ ತರ್ಲೇನ್ರಿ?” ಎಂದಳು. ತಂದಳು ಕೂಡ. ಕಿಟಕಿಯಿಂದಲೇ ಕಪ್ಪು-ಬಸಿ ಒಳಗೆ ಕೊಟ್ಟು, ತಮ್ಮನಿಗೆ ಫೋನು ಮಾಡಲೇ ಎಂದು ಕೇಳಿದಳು. ಆ ಚಹಾ ಎಷ್ಟು ಕಹಿಯಾಗಿತ್ತು ಎಂದು ಹೇಳಲಾರೆ.

ಯುಗಾದಿಗೆ ಇನ್ನು ಎರಡೇ ವಾರ. ಹುಸೇನಸಾಬರನ್ನು ಕರೆಸಿ ಕಂಬವನ್ನು ಎರಡಡಿ ಹಿಂದೆ ಸರಿಸಬೇಕೆಂದೆ. ಪೂಜೆ ಮಾಡಿದ ಕಂಬ ಕೀಳುವುದೆಂದರೆ ಅವರಿಗೂ ಮನಸ್ಸಿಲ್ಲ. ನನ್ನ ಒತ್ತಾಯಕ್ಕೆ ಹಾರೆ ಎತ್ತಿದರು. ಹಾರೆ ಒಂದು ಸಲ ಕಂಬದ ಬುಡಕ್ಕೆ ಬಿದ್ದಿರಬೇಕು, ಎದುರುಮನೆಯಲ್ಲಿ ಮಗ್ಗದ ಸದ್ದು ನಿಂತಿತು. ಗಂಗವ್ವ ತಲೆಯ ಮೇಲಿನ ಸೆರಗು ಜಾರಿದ್ದೂ ಲೆಕ್ಕಿಸದೆ ರಸ್ತೆ ದಾಟಿ ಬಂದು, ಹುಸೇನಸಾಬರಿಗೂ ಕಂಬಕ್ಕೂ ನಡುವೆ ನಿಂತಳು.

“ಬ್ಯಾಡೋ ಮಾಸ್ತರಾ,” ಎಂದಳು. “ಹಂದರಗಂಬ ಕಿತ್ತರ ಕೂಸಿನ ಮದಿವಿ ಮುರೀತೈತಿ. ಬೀಗರ ಜೋಡಿ ಏನ ಜಗಳಾ ಇದ್ರೂ ಕುಂತ ಬಗಿಹರಸೂಣು.”

ಯಾವ ಬೀಗರು, ಯಾವ ಮದುವೆ ಎಂದು ನಾನು ಕೇಳುವಷ್ಟರಲ್ಲಿ ಓಣಿಯ ಅರ್ಧ ಜನ ಅಂಗಳದಲ್ಲಿದ್ದರು. ಆಗ ಒಂದೊಂದೇ ಬಿಚ್ಚಿಕೊಂಡಿತು. ಎರಡನೆಯ ಸಂಬಂಧದವನಿಗೆ ಕೊಡುತ್ತಿದ್ದೇನೆ ಎಂಬ ಸುದ್ದಿಯೂ ಕಿರಾಣಿ ಅಂಗಡಿಯಿಂದ ಹೊರಟು ಹುನಗುಂದದ ತನಕ ಹೋಗಿತ್ತು. ಇದು ಕಾರಿನ ಛಪ್ಪರದ ಕಂಬ ಎಂದು ನಾನು ನಕಾಶೆ ತಂದು ತೋರಿಸಿದೆ. ಒಬ್ಬರೂ ನಂಬಲಿಲ್ಲ. ಕಾರಿಗೆ ಯಾರಾದರೂ ಐದು ಮುತ್ತೈದೆಯರ ಕೈಯಿಂದ ಆರತಿ ಎತ್ತಿಸುತ್ತಾರೆಯೇ? ಹುಸೇನಸಾಬರು ಹಾರೆಯನ್ನು ಗೋಡೆಗೆ ಒರಗಿಸಿ, ಇಂಥ ಕಂಬಕ್ಕೆ ಕೈ ಹಚ್ಚಲಾರೆ ಎಂದು ಹೊರಟೇಬಿಟ್ಟರು. ಊರ ಬಾಯಿಗೆ ಮಗಳ ಹೆಸರು ಬಿದ್ದಿತಲ್ಲ ಎಂದು ಮಹಾದೇವಿಯ ಮುಖ ಕಪ್ಪಿಟ್ಟಿತ್ತು. ಅಂದು ಮೊದಲ ಬಾರಿ ನನಗೆ ಕಾರಿನ ಮೇಲೆ ಸಿಟ್ಟು ಬಂತು.

ಐತವಾರ ಸವಿತಾ ಬಂದಳು. ಬಸ್ಸಿನಲ್ಲೇ ಇಬ್ಬರು ಅವಳಿಗೆ ಶುಭ ಕೋರಿದ್ದರಂತೆ. ನಾನು ಮುಖ ತಗ್ಗಿಸಿ, ನಾಳೆಯೇ ಊರ ಹೊರಗಿನಿಂದ ಬೇರೆ ಗೌಂಡಿಯನ್ನು ತಂದು ಕಂಬ ಕೀಳಿಸುತ್ತೇನೆ, ಎಲ್ಲರಿಗೂ ತಿಳಿಯಲಿ ಎಂದೆ. ಅವಳು ಅಂಗಳಕ್ಕೆ ಇಳಿದು ಕಂಬದ ಹತ್ತಿರ ಹೋದಳು. ಒಣಗಿದ ಮಾವಿನ ಎಲೆಯೊಂದನ್ನು ಮುಟ್ಟಿ ನೋಡಿದಳು.

“ಕೀಳಬ್ಯಾಡ್ರಿ ಅಪ್ಪಾಜಿ. ಹಂದರಗಂಬನ ಆಗ್ಲಿ.”

“ಅಂದ್ರ?”

“ಪಟ್ಟದಕಲ್ಲ ಸಾಲ್ಯಾಗ ಪಿ.ಟಿ. ಮಾಸ್ತರ ಅದಾನ್ರಿ, ಪ್ರಕಾಶ ಅಂತ. ಎಮ್ಮಿ ಕರಾ ತೋರಸಾಕ ದವಾಖಾನಿಗೆ ಬಂದಿದ್ದ. ವರ್ಷಾತು. ನಿಮಗ ಹೇಳಬೇಕಂತನ ಐತವಾರಕ್ಕೊಮ್ಮೆ ಬರ್ತಿದ್ದೆ.” ನಗುತ್ತಲೇ ಅಂದಳು, “ಬಂದಾಗೊಮ್ಮೆ ನೀವು ಕೈಯಾಗ ಟೇಪ ಕೊಟ್ಟ್ರಿ.”

ನಗುತ್ತಲೇ ಅಂದಳು. ಆದರೂ ಹಾರೆಯ ಏಟು ನನ್ನ ಎದೆಗೇ ಬಿತ್ತು. ನನ್ನ ಕಾರಿನ ಉದ್ದ, ಅಗಲ, ಚಕ್ರದಿಂದ ಚಕ್ರಕ್ಕೆ ಎಷ್ಟು ಎಂಬುದೆಲ್ಲ ನನಗೆ ಗೊತ್ತಿತ್ತು. ಟೇಪಿನ ಆ ತುದಿಯಲ್ಲಿ ನಿಂತವಳು ಇಷ್ಟು ವಾರಗಳಿಂದ ಏನು ಹೇಳಲು ಬಾಯಿ ತೆರೆಯುತ್ತಿದ್ದಾಳೆ ಎಂಬುದು ಗೊತ್ತಿರಲಿಲ್ಲ. ಮಹಾದೇವಿ ನನ್ನ ಕಡೆ ನೋಡಿದಳು. ಐದಡಿ ಎರಡಿಂಚಿನ ಮಾತು ತೆಗೆಯುತ್ತಾಳೆ ಎಂದುಕೊಂಡೆ. ಅವಳು ತೆಗೆಯಲಿಲ್ಲ. ಅದರಿಂದ ಇನ್ನೂ ನೋವಾಯಿತು.

ಮುಂದಿನದು ಬಿರುಗಾಳಿಯ ಹಾಗೆ ನಡೆಯಿತು. ಹುಡುಗನ ಮನೆಯವರು ಬಂದರು, ಒಳ್ಳೆಯ ಜನ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನಾನು ಎರಡನ್ನೂ ಒಂದೇ ಕಂಬದಲ್ಲಿ ಮಾಡಿದೆ. ಹುಸೇನಸಾಬರು ಉಳಿದ ಎರಡು ಕಂಬ ನೆಟ್ಟು ತಗಡು ಹೊದಿಸಿದರು. ಅದರ ನೆರಳಿನಲ್ಲೇ ಊಟದ ಪಂಕ್ತಿ ಕುಳಿತಿತು. ಆರೂವರೆ ಅಡಿಗೆ ಎದುರು-ಬದುರು ಎರಡು ಸಾಲು, ನಡುವೆ ಬಡಿಸುವವರು ಓಡಾಡಲು ದಾರಿ. ಅಳತೆ ಎಷ್ಟು ಸರಿಯಾಗಿದೆ ಎಂದು ಬೀಗರು ಮೆಚ್ಚಿದರು. ತಾನು ಮೊದಲೇ ಹೇಳಿರಲಿಲ್ಲವೇ ಎಂದು ಗಂಗವ್ವ ಪ್ರತಿ ಪಂಕ್ತಿಗೂ ಹೇಳಿ ಬಂದಳು. ಕಾರು ಮಾತ್ರ ಬಿಸಿಲಲ್ಲಿತ್ತು. ಬೀಗರನ್ನು ಕರೆತರುತ್ತೇನೆ ಎಂದು ಮಹಾದೇವಿಯ ತಮ್ಮ ಅದನ್ನು ಒಯ್ದವನು ಐದು ದಿನ ಬಿಟ್ಟು ತಂದ. ಬಿಟ್ಟುಹೋಗುವಾಗ, ಛಪ್ಪರವಿದ್ದೂ ಹೊರಗೇ ನಿಲ್ಲಿಸುತ್ತೀರಲ್ಲ ಮಾವ, ಪಾಪ ಎಂದು ಅದರ ಬೆನ್ನು ಸವರಿದ. ಮಹಾದೇವಿ ಅವನನ್ನೂ ನೋಡಿದಳು, ನನ್ನನ್ನೂ ನೋಡಿದಳು. ನನ್ನ ಕಾರಿನ ಋಣ ತೀರಿತು ಎಂದುಕೊಂಡೆ.

ಕಾರನ್ನು ಉಳಿಸಿದವನು ಅಳಿಯ. ಮದುವೆಯಾದ ಮೇಲೆ ಮೊದಲ ಸಲ ಮನೆಗೆ ಬಂದ ದಿನ ಅವನು ಕಂಬ, ಕಾರು, ಗೋಡೆ ಮೂರನ್ನೂ ನೋಡಿ, ಬೀಗದಕೈ ಕೊಡಿ ಮಾವಾರೇ ಎಂದ. ಕಾರನ್ನು ಸೀದಾ ಒಳಗೆ ಒಯ್ದ. ಅರ್ಧ ನಿಮಿಷ ಏನೂ ಸದ್ದಿಲ್ಲ. ಆಮೇಲೆ ಒಳಗಿನಿಂದ, “ಡಿಕ್ಕಿ ತಗೀರಿ ಮಾವಾರ” ಎಂದು ಕೇಳಿಸಿತು. ತೆಗೆದೆ. ಹಿಂದಿನ ಸೀಟು ಮಡಚಿ, ಹಾವಿನಂತೆ ಜಾರಿ, ಇಸ್ತ್ರಿಯೂ ಕೆಡದಂತೆ ಪ್ರಕಾಶ ಹೊರಗೆ ಬಂದು ನಿಂತ. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಮಗಳನ್ನು ಕೊಡುವಾಗ ಹುಡುಗನ ಓದು, ನೌಕರಿ, ಮನೆತನ ನೋಡಿದ ಮಾವಂದಿರು ಬೇಕಾದಷ್ಟಿದ್ದಾರೆ. ಅವನ ಸೊಂಟದ ಸುತ್ತಳತೆ ನೋಡಿ ಹಿಗ್ಗಿದ ಮಾವ ನಾನೊಬ್ಬನೇ ಇರಬೇಕು. ಅಂದಿನಿಂದ ಇದೇ ಪದ್ಧತಿಯಾಗಿದೆ. ಐತವಾರ ಅಳಿಯ ಬಂದು ಕಾರು ಹೊರಗೆ ತೆಗೆಯುತ್ತಾನೆ, ಎಲ್ಲರೂ ಒಂದು ಸುತ್ತು ಹಾಕಿ ಬರುತ್ತೇವೆ, ಸಂಜೆ ಒಳಗೆ ನಿಲ್ಲಿಸಿ ಡಿಕ್ಕಿಯಿಂದ ಇಳಿಯುತ್ತಾನೆ. ವಾರವಿಡೀ ಕಾರು ತಣ್ಣಗೆ ನೆರಳಿನಲ್ಲಿರುತ್ತದೆ. ನಾನು ಕೊಡೆ ಹಿಡಿದುಕೊಂಡು ಪೇಟೆಗೆ ನಡೆದುಹೋಗುತ್ತೇನೆ.

ಹೊಸ ಚಿಂತೆಯೊಂದು ಶುರುವಾಗಿದೆ. ಅಳಿಯ ಬಂದನೆಂದರೆ ಮಹಾದೇವಿಗೆ ಹೋಳಿಗೆಯಿಲ್ಲದ ಐತವಾರವಿಲ್ಲ. ಹೋಳಿಗೆಗೆ ತುಪ್ಪ, ತುಪ್ಪದ ಮೇಲೆ ಹಾಲು. ಬ್ಯಾಡ್ರಿ ಎಂದು ಅವನು ಅನ್ನುತ್ತಾನೆ, ತಾಟಿಗೆ ಅಡ್ಡ ಹಿಡಿದ ಕೈಯನ್ನು ಮಾತ್ರ ನಿಧಾನಕ್ಕೆ ಸರಿಸುತ್ತಾನೆ. ಹೋದ ವಾರ ಡಿಕ್ಕಿಯಿಂದ ಇಳಿಯುವಾಗ ಅಂಗಿಯ ಗುಂಡಿಯೊಂದು ಕಿತ್ತು ಬಂದು ನನ್ನ ಕಾಲ ಹತ್ತಿರ ಬಿತ್ತು. ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ, ಯಾರಿಗೂ ಹೇಳಲಿಲ್ಲ. ಈ ಐತವಾರ ಊಟದಲ್ಲಿ ಮಹಾದೇವಿ ಮೂರನೆಯ ಹೋಳಿಗೆ ಎತ್ತಿದ್ದೇ ತಡ, ಒತ್ತಾಯ ಮಾಡಬೇಡ, ಬಿಸಿಲು ದಿನ, ಹೊಟ್ಟೆಗೆ ಭಾರವಾಗುತ್ತದೆ ಎಂದೆ. ಅಳಿಯ ನಾಚಿ ತಲೆ ತಗ್ಗಿಸಿದ. ಮಾವ ಜಿಪುಣ ಎಂದುಕೊಂಡಿರಬೇಕು. ಮಹಾದೇವಿ ಬಾಯಿ ತೆರೆದು ನಿಂತಳು. ಸವಿತಾ ಮಾತ್ರ ನನ್ನ ಮುಖವನ್ನೂ ಗಂಡನ ಸೊಂಟವನ್ನೂ ಒಮ್ಮೆ ನೋಡಿ, ಎದ್ದು ಕೈ ತೊಳೆದು, ಒಳಗಿನಿಂದ ಟೇಪು ತಂದು ನನ್ನ ಮುಂದೆ ಹಿಡಿದಳು.

“ತಗೋರಿ ಅಪ್ಪಾಜಿ, ಅಳದ ಬಿಡ್ರಿ,” ಎಂದಳು. “ನಾ ಈ ತುದಿ ಹಿಡಕೋತೇನಿ.”

ಎಲ್ಲರೂ ನಕ್ಕರು, ಅಳಿಯ ಎಲ್ಲರಿಗಿಂತ ಹೆಚ್ಚು. ನಾನು ಟೇಪನ್ನು ಪಕ್ಕಕ್ಕಿಟ್ಟು, ಮಗಳ ವಾರದ ಸುದ್ದಿ ಏನು ಎಂದು ಕೇಳಿದೆ. ಅವಳು ಹೇಳುತ್ತ ಹೋದಳು. ಕಡೆತನಕ ಅವಳ ಮುಖವನ್ನೇ ನೋಡುತ್ತ ಕೇಳಿದೆ, ಆಣೆ ಮಾಡಿ ಹೇಳುತ್ತೇನೆ. ಮಹಾದೇವಿ ಆ ನಡುವೆ ಮೂರನೆಯ ಹೋಳಿಗೆ ಬಡಿಸಿಯೇಬಿಟ್ಟಳು. ಕಣ್ಣಳತೆಯಲ್ಲಿ ಅಳಿಯನ ಸೊಂಟ ಈಗ ಮೂವತ್ತಾರು ಇಂಚು ಇದ್ದೀತು.